ಸಿವಿಲೈಸೇಷನ್ 7 ತಗೋಬಹುದಾ? ಮತ್ತೆ ನೀವೆಲ್ಲಿ ಮಾಯ ಆಗಿದ್ರಿ?

ನೀವು ಕೇಳಿದ್ದು ಎರಡು. ಒಂದು, ಸಿವಿಲೈಸೇಷನ್ 7 (ಊರು ಕಟ್ಟಿ, ರಾಜ್ಯ ಬೆಳೆಸಿ, ಸಾವಿರಾರು ವರ್ಷ ಆಳೋ ಕಂಪ್ಯೂಟರ್ ಗೇಮು) ಈಗ ಡಿಸ್ಕೌಂಟಲ್ಲಿ ಬಂದಿದೆ, ಇದರ ಹಿಂದಿನ ಭಾಗ ಸಿವ್ 6 ಆಡಿ ಇಷ್ಟಪಟ್ಟವರು ತಗೋಬಹುದಾ ಅಂತ. ಇನ್ನೊಂದು, ಮುಂಚೆ ಸಿವ್ 6 ಬಗ್ಗೆ ಯಾರು ಏನು ಕೇಳಿದ್ರೂ ಪುಟಗಟ್ಟಲೆ ಬರೀತಿದ್ರಲ್ಲ, ಇತ್ತೀಚೆಗೆ ಪತ್ತೆನೇ ಇಲ್ಲ, ಏನ್ ಸಮಾಚಾರ ಅಂತ. ಪರಿಚಯ ಇಲ್ಲದವರು ಹೀಗೆ ವಿಚಾರಿಸಿದ್ದು ಖುಷಿ ಆಯ್ತು. ಎರಡಕ್ಕೂ ಚಿಕ್ಕ ಉತ್ತರ ಮೊದಲೇ ಹೇಳ್ಬಿಡ್ತೀನಿ. ಗೇಮ್ ಈಗ ಬೇಡ. ನಾನು ಆರಾಮಾಗಿದೀನಿ. ಟೈಮ್ ಇದ್ರೆ ಮುಂದೆ ಓದಿ, ಇವತ್ತು ಭಾನುವಾರ, ಮನೇಲಿ ಎಲ್ಲ ಊಟ ಮಾಡಿ ಮಲಗಿದಾರೆ, ಹಾಗಾಗಿ ಇದು ಉದ್ದ ಆಗುತ್ತೆ.

ನನಗೆ ಈ ಹುಚ್ಚು ಹಿಡಿದಿದ್ದು ಲಾಕ್‌ಡೌನಲ್ಲಿ. 2020ರ ಮೇ ತಿಂಗಳಲ್ಲಿ ಎಪಿಕ್ ಸ್ಟೋರ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯೋರು ಸಿವ್ 6ನ ಒಂದು ವಾರ ಪುಕ್ಕಟೆ ಕೊಟ್ರಲ್ಲ, ನಮ್ಮ ದೇಶದಲ್ಲಿ ಎಷ್ಟೋ ಜನ ಆಗಲೇ ಶುರು ಮಾಡಿದ್ದು ಅನ್ಸುತ್ತೆ, ನಾನೂ ಅದೇ ಬ್ಯಾಚು. ಆಟದಲ್ಲಿ ಭಾರತದ ನಾಯಕರಾಗಿ ಗಾಂಧೀಜಿ ಬಂದು ನಗುನಗ್ತಾ ಮಾತಾಡ್ಸಿ ಕೊನೆಗೆ ಅಣುಬಾಂಬ್ ಹಾಕ್ತಾರೆ ಅನ್ನೋ ಜೋಕು ಕೇಳಿ ನೋಡೋಣ ಅಂತ ಕೂತಿದ್ದು, ಎದ್ದಿದ್ದು ಬೆಳಗಿನ ಜಾವ ಹಾಲಿನವನು ಬಂದಾಗ. (ಮೊದಲನೇ ಸಿವ್‌ನಲ್ಲಿ ಬಗ್, ಅಂದ್ರೆ ಪ್ರೋಗ್ರಾಮಲ್ಲಿ ತಪ್ಪು ಇದ್ದಿದ್ರಿಂದ ಗಾಂಧಿ ಹಾಗಾದ್ರು ಅಂತ ಎಲ್ಲಾ ಕಡೆ ಕಥೆ ಹೇಳ್ತಾರಲ್ಲ, ಅದು ಸುಳ್ಳು, ಹಾಗೊಂದು ಬಗ್ ಇರಲೇ ಇಲ್ಲ ಅಂತ ಈ ಆಟ ಹುಟ್ಟುಹಾಕಿದ ಸಿಡ್ ಮೀಯರ್ ಅವರೇ 2020ರಲ್ಲಿ ಬಂದ ತಮ್ಮ ನೆನಪುಗಳ ಪುಸ್ತಕದಲ್ಲಿ ಬರೆದಿದಾರೆ. ಆದ್ರೂ ಜೋಕ್ ಸಾಯಲ್ಲ ಬಿಡಿ.) ಆ ಆಟದಲ್ಲಿ ನನಗೆ ಹಿಡಿಸಿದ್ದು ಏನಪ್ಪಾ ಅಂದ್ರೆ, ಕ್ರಿಸ್ತಪೂರ್ವ 4000ದಲ್ಲಿ ಆತುರಕ್ಕೆ ಬಿದ್ದು ಎಲ್ಲೋ ಒಂದು ಒಣ ಜಾಗದಲ್ಲಿ ಊರು ಕಟ್ಟಿದ್ರೆ ಆ ಊರು ಕೊನೇವರೆಗೂ ನಿಮ್ಮ ತಲೆ ಮೇಲೇ ಇರುತ್ತೆ, ನೀರಿಲ್ಲ, ಬೆಳೆಯಲ್ಲ, ಆದ್ರೂ ಅದು ನಿಮ್ಮೂರು, ಯಾವಾಗಲೋ ಸಾವಿರಾರು ವರ್ಷ ಆದಮೇಲೆ ಅದರ ಪಕ್ಕದಲ್ಲೇ ಯುರೇನಿಯಂ ಸಿಕ್ಕಿ ಅದೇ ಮುಖ್ಯ ಆಗೋಗುತ್ತೆ. ಮಾಡಿದ್ದನ್ನ ಹೊತ್ಕೊಂಡು ಹೋಗೋದೇ ಆ ಆಟದ ಮಜಾ.

7 ಬರುತ್ತೆ ಅಂದಾಗ ನನಗೆ ಇದ್ದ ನಿರೀಕ್ಷೆ ಸಣ್ಣದಲ್ಲ. ಅಶೋಕ ಲೀಡರ್ ಅಂದ್ರು. ಭಾರತ ಅಂತ ಒಂದೇ ಮುದ್ದೆ ಮಾಡಿ ಇಡೋದು ಬಿಟ್ಟು ಮೌರ್ಯ, ಚೋಳ, ಮೊಘಲ್ ಅಂತ ಬೇರೆ ಬೇರೆ ಕೊಡ್ತೀವಿ ಅಂದ್ರು. ಚೋಳರಿಗೆ ವ್ಯಾಪಾರಿ ಸಂಘದ ಹೆಸರಲ್ಲಿ ಐನೂರು ಒಡೆಯರು ಅಂತ ಒಂದು ವಿಶೇಷ ಪೇಟೆ ಇದೆ ಅಂತ ಓದಿದಾಗಂತೂ ರೋಮಾಂಚನ ಆಯ್ತು ರೀ, ಯಾಕಂದ್ರೆ ಆ ಐನೂರ್ವರು ಬೇರೆ ಯಾರೂ ಅಲ್ಲ, ನಮ್ಮ ಬಾಗಲಕೋಟೆ ಜಿಲ್ಲೆಯ ಐಹೊಳೆಯ ಅಯ್ಯಾವೊಳೆ ಐನೂರ್ವರು, ಅವರ ಹೆಸರಿರೋ 1088ರ ತಮಿಳು ಶಾಸನ ದೂರದ ಸುಮಾತ್ರಾದಲ್ಲೂ ಸಿಕ್ಕಿದೆ. ಅಮೆರಿಕದ ಒಂದು ಸ್ಟುಡಿಯೋಗೆ ಐಹೊಳೆಯ ಸೆಟ್ಟರ ನೆನಪಾಯ್ತಲ್ಲ ಅಂತ ನಾನು ಆಫೀಸಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದೇ ಹೇಳಿದ್ದು. ಚೋಳರ ಖಾತೆಗೆ ಬರೆದಿದಾರೆ ಅನ್ನೋ ಹೊಟ್ಟೆಕಿಚ್ಚು ಸ್ವಲ್ಪ ಇತ್ತು, 1054ರಲ್ಲಿ ಕೊಪ್ಪಂ ಯುದ್ಧದಲ್ಲಿ ಚೋಳ ರಾಜಾಧಿರಾಜ ಆನೆ ಮೇಲೇ ಸತ್ತಿದ್ದು ನಮ್ಮ ಕಲ್ಯಾಣದ ಚಾಲುಕ್ಯರ ಕೈಲಿ, ಅಂಥದ್ರಲ್ಲಿ ನಾನೇ ಚೋಳ ಆಗಿ ಆಡ್ಬೇಕು, ಇರಲಿ, ಆಟ ತಾನೇ. 2025ರ ಫೆಬ್ರವರಿ 11ಕ್ಕೆ ರಿಲೀಸ್. ಅಮೆರಿಕದಲ್ಲಿ 70 ಡಾಲರ್. ನಮ್ಮ ರೇಟಲ್ಲೂ ಕಮ್ಮಿ ಏನಿರಲಿಲ್ಲ, ಮನೇಲಿ ಬೆಲೆ ಹೇಳಿರಲಿಲ್ಲ, ಇವತ್ತಿಗೂ ಹೇಳಿಲ್ಲ.

ಈಗ ಸಮಸ್ಯೆಗೆ ಬರ್ತೀನಿ. ಆಟನ ಮೂರು ಯುಗ ಅಂತ ತುಂಡು ಮಾಡಿದಾರೆ, ಆಂಟಿಕ್ವಿಟಿ, ಎಕ್ಸ್‌ಪ್ಲೋರೇಷನ್, ಮಾಡರ್ನ್. ಒಂದು ಯುಗ ಮುಗಿದ್ರೆ ನಿಮ್ಮ ನಾಗರಿಕತೆ ಬಿಟ್ಟು ಬೇರೆ ತಗೋಬೇಕು, ಲೀಡರ್ ಮಾತ್ರ ಅದೇ. ಅಂದ್ರೆ ಅಶೋಕನೇ ಮೌರ್ಯರನ್ನ ಆಳಿ, ಆಮೇಲೆ ಚೋಳರನ್ನ ಆಳಿ, ಕೊನೆಗೆ ಮೊಘಲರ ಹೆಸರಲ್ಲಿ ರೈಲು ಹಾಕ್ತಾನೆ. ಕೇಳೋಕೆ ತಮಾಷೆಯಾಗಿದೆ, ನನಗೆ ಅದು ಬೇಜಾರಿಲ್ಲ. ಬೇಜಾರು ಯುಗ ಬದಲಾಗೋ ಆ ಗಳಿಗೆ.

ನಾನು ಮೌರ್ಯರಾಗಿ ಆಡ್ತಿದ್ದೆ. ಅವರಿಗೆ ಪುರಭೇತ್ತಾರಃ ಅಂತ ಕೋಟೆ ಒಡೆಯೋ ಆನೆ ಪಡೆ ಇದೆ, ನೋಡೋಕೆ ಭಾರಿ ಚೆನ್ನಾಗಿ ಮಾಡಿದಾರೆ, ಮಗಳು ಪಕ್ಕದಲ್ಲಿ ಕೂತು ಆನೆಗಳಿಗೆ ಒಂದೊಂದು ಹೆಸರಿಟ್ಟಿದ್ಲು. ಪಕ್ಕದ ಪರ್ಷಿಯದವರು ಬಹಳ ತೊಂದರೆ ಕೊಡ್ತಿದ್ರು ಅಂತ ಅವರ ದೊಡ್ಡ ಪಟ್ಟಣಕ್ಕೆ ಮುತ್ತಿಗೆ ಹಾಕಿದ್ದೆ, ಗುಡ್ಡ ಸುತ್ತಿ, ಹೊಳೆ ದಾಟಿ, ಎರಡು ರಾತ್ರಿ ಇದೇ ಕೆಲಸ. ಹೊರಗಿನ ಗೋಡೆ ಬಿತ್ತು, ಒಳಗೆ ಒಂದೇ ಬಿಲ್ಲುಗಾರರ ಪಡೆ ಉಳಿದಿತ್ತು. ಮೇಲ್ಗಡೆ ಯುಗದ ಮೀಟರ್ ಇರುತ್ತೆ, ಶೇಕಡಾ ಲೆಕ್ಕದಲ್ಲಿ, ಅದು ಬರೀ ನಿಮ್ಮ ಟರ್ನ್‌ಗೆ (ಆಟದ ಒಂದು ಸರದಿಗೆ) ಮಾತ್ರ ಓಡಲ್ಲ, ಮ್ಯಾಪಿನ ಇನ್ನೊಂದು ಮೂಲೇಲಿ ಯಾರೋ ಏನೋ ಮೈಲಿಗಲ್ಲು ಮುಟ್ಟಿದ್ರೂ ದಡಕ್ಕನೆ ಮುಂದಕ್ಕೆ ಹಾರುತ್ತೆ. ಹಾರ್ತು. ನೂರಾಯ್ತು. ಪರದೆ ಬಿತ್ತು, ಒಂದು ಚಿತ್ರ ತೋರಿಸಿ ಗಂಭೀರ ಧ್ವನಿಯಲ್ಲಿ ಏನೋ ಹೇಳಿದ್ರು, ಮುಂದಿನ ನಾಗರಿಕತೆ ಆರಿಸಿ ಅಂದ್ರು. ವಾಪಸ್ ಬಂದು ನೋಡಿದ್ರೆ ಯುದ್ಧನೇ ಇಲ್ಲ, ಎಲ್ಲರೂ ಶಾಂತವಾಗಿದಾರೆ, ಆ ಪಟ್ಟಣ ಅವರ ಹತ್ರನೇ ಇದೆ, ನನ್ನ ಸೈನ್ಯ ಎಲ್ಲೆಲ್ಲೋ ಹಂಚಿ ಹೋಗಿದೆ, ಎಷ್ಟೋ ಪಡೆ ಇಲ್ಲವೇ ಇಲ್ಲ. ರಾಜಧಾನಿ ಬಿಟ್ಟು ನಾನು ದುಡ್ಡು ಸುರಿದು ಸಿಟಿ ಮಾಡಿದ ಊರುಗಳೆಲ್ಲ ಮತ್ತೆ ಟೌನ್ ಆಗಿವೆ. ಸುತ್ತ ಇದ್ದ ಸಣ್ಣಪುಟ್ಟ ನಗರ ರಾಜ್ಯಗಳು, ಅವರನ್ನ ಒಲಿಸಿಕೊಳ್ಳೋಕೆ ಎಷ್ಟು ಪಾಡುಪಟ್ಟಿದ್ದೆ, ಅವೂ ಮಾಯ. ಮಗಳು ಕೇಳಿದ್ಲು, ಅಪ್ಪಾ ಗೌರಿ ಎಲ್ಲಿ ಹೋದ್ಲು ಅಂತ. ಗೌರಿ ಅಂದ್ರೆ ಮುಂದೆ ನಿಂತಿದ್ದ ಆನೆ. ಕಾಡಿಗೆ ಹೋದ್ಲು ಮಲಕ್ಕೋ ಅಂದೆ.

ಇದನ್ನ ಸಮರ್ಥನೆ ಮಾಡೋರು ಹೇಳ್ತಾರೆ, ಇತಿಹಾಸದಲ್ಲಿ ಸಾಮ್ರಾಜ್ಯಗಳು ಬೀಳಲ್ವಾ, ಒಂದರ ಮೇಲೆ ಒಂದು ಕಟ್ಕೊಂಡೇ ಅಲ್ವಾ ಬಂದಿರೋದು ಅಂತ. ಹೌದು ಸ್ವಾಮಿ, ಅದನ್ನ ಕನ್ನಡದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಾದಾಮಿ ಹೋಗಿ ರಾಷ್ಟ್ರಕೂಟರು, ಅವರು ಹೋಗಿ ಕಲ್ಯಾಣ, ಆಮೇಲೆ ಹೊಯ್ಸಳ, ಆಮೇಲೆ 1336ರಿಂದ ವಿಜಯನಗರ, ನೆಲ ಅದೇ, ಜನ ಅವರೇ, ಭಾಷೆ ಅದೇ, ರಾಜಮುದ್ರೆ ಮಾತ್ರ ಬೇರೆ. ಆದ್ರೆ ಬದಲಾಗಿದ್ದು ಹೇಗೆ ಅಂತ ನೋಡಿ. 973ರಲ್ಲಿ ರಾಷ್ಟ್ರಕೂಟರನ್ನ ಕೆಡವಿದ ತೈಲಪ ಎಲ್ಲಿಂದಲೋ ಉದುರಲಿಲ್ಲ, ಅವರ ಕೈಕೆಳಗೇ ತರ್ದವಾಡಿ ನಾಡನ್ನ ಉಂಬಳಿಯಾಗಿ ಇಟ್ಕೊಂಡಿದ್ದ ಸಾಮಂತ. ಹೊಯ್ಸಳರು ಕಲ್ಯಾಣದ ಚಾಲುಕ್ಯರಿಗೆ ಸಾಮಂತರಾಗಿದ್ದು ಮೆಲ್ಲಗೆ ಮೇಲೆದ್ದವರು. ಯಾರನ್ನ ಬೆಳೆಸಿದ್ರೋ ಅವರೇ ಎದ್ದು ನಿಂತ್ರು, ದೊರೆ ಎಚ್ಚರ ತಪ್ಪಿದ ಕಡೆ ಬಿರುಕು ಬಿಡ್ತು. ಇಂಥದ್ದೊಂದು ಆಟದಲ್ಲಿ ಬಂದಿದ್ರೆ, ನಾನು ದೂರದ ಪ್ರಾಂತ್ಯ ಒಂದನ್ನ ಸೇನಾಪತಿಗೆ ಒಪ್ಪಿಸಿ ಮರೆತು ಐವತ್ತು ಟರ್ನ್ ಆದಮೇಲೆ ಅವನೇ ನನ್ನ ಮೇಲೆ ತಿರುಗಿಬಿದ್ದು ಹೊಸ ವಂಶ ಶುರು ಮಾಡಿದ್ರೆ, ಅಯ್ಯೋ ಎಷ್ಟು ಬೇಕಾದ್ರೂ ಕೊಡ್ತಿದ್ದೆ ದುಡ್ಡು. ಇಲ್ಲಿ ಹಾಗಲ್ಲ. ನೀವು ಚೆನ್ನಾಗಿ ಆಳಿ, ಕೆಟ್ಟದಾಗಿ ಆಳಿ, ಗೆಲ್ತಾ ಇರಿ, ಸೋಲ್ತಾ ಇರಿ, ಪ್ರಪಂಚದಲ್ಲಿ ಇರೋ ಅಷ್ಟೂ ರಾಜ್ಯಗಳು ಒಂದೇ ಕ್ಷಣಕ್ಕೆ ಒಟ್ಟಿಗೆ ಮುಗೀತವೆ. ಯುಗದ ಕೊನೆಗೆ ಕ್ರೈಸಿಸ್ ಅಂತ ಪ್ಲೇಗೋ ದಂಗೆಯೋ ಕಳಿಸ್ತಾರೆ, ಅದನ್ನ ನೀವು ಪೂರ್ತಿ ತಡೆದು ನಿಂತ್ರೂ ಏನೂ ವ್ಯತ್ಯಾಸ ಇಲ್ಲ, ಟೈಮ್ ಆಯ್ತು ನಡೀರಿ. ನನ್ನ ತಕರಾರು ಇಷ್ಟೇ. ಬೀಳೋದಿದ್ರೆ ನನ್ನ ಕೈಯಿಂದ ಬೀಳಬೇಕು.

2021ರಲ್ಲಿ ಬಂದ ಹ್ಯೂಮನ್‌ಕೈಂಡ್ ಅನ್ನೋ ಆಟದಲ್ಲೂ ಯುಗಕ್ಕೊಂದು ಸಂಸ್ಕೃತಿ ಬದಲಾಯಿಸೋದು ಇತ್ತು. ಅದಕ್ಕೇ ಜನ ಅಷ್ಟಕ್ಕಷ್ಟೇ ಅಂದಿದ್ರು. ಅದನ್ನ ನೋಡಿದ ಮೇಲೂ ಇವರು ಇದೇ ದಾರಿ ಹಿಡಿದಿದ್ದು ಯಾಕೆ ಅಂತ ನನಗಂತೂ ಅರ್ಥ ಆಗಿಲ್ಲ.

ಇನ್ನೊಂದು ವಿಷಯ, ಪ್ರತಿ ಯುಗಕ್ಕೂ ಲೆಗಸಿ ಪಾತ್ ಅಂತ ನಾಲ್ಕು ಪಟ್ಟಿ ಕೊಡ್ತಾರೆ, ವಿಜ್ಞಾನ, ಸಂಸ್ಕೃತಿ, ಹಣ, ಸೈನ್ಯ. ಮೊದಲನೇ ಯುಗದಲ್ಲಿ ಏಳು ಅದ್ಭುತ ಕಟ್ಟಿ, ಎರಡನೇದ್ರಲ್ಲಿ ಸಮುದ್ರದಾಚೆ ಊರು ಮಾಡಿ ಅಲ್ಲಿಂದ ಟ್ರೆಷರ್ ಫ್ಲೀಟ್ ಅನ್ನೋ ನಿಧಿ ಹಡಗು ತುಂಬಿಸಿ ಮನೆಗೆ ತನ್ನಿ, ಮೂರನೇದ್ರಲ್ಲಿ ಊರೂರು ಅಗೆದು 15 ಪುರಾತನ ವಸ್ತು ಹುಡುಕಿ ವಿಶ್ವ ಮೇಳ ಮಾಡಿ. ಮೊದಲನೇ ಸಲ ಚೆನ್ನಾಗೇ ಇರುತ್ತೆ. ಆಮೇಲೆ ಯಾವ ದೇಶ ಹಿಡಿದ್ರೂ ಅದೇ ಪಟ್ಟಿ, ಅದೇ ಹಡಗು, ಅದೇ ಗುದ್ದಲಿ. ಸೋಮವಾರದಿಂದ ಶುಕ್ರವಾರದವರೆಗೆ ಆಫೀಸಲ್ಲಿ ಟಿಕೆಟ್, ಅಂದ್ರೆ ಕಂಪ್ಯೂಟರಲ್ಲಿ ಬರೋ ಕೆಲಸದ ಚೀಟಿ, ಕ್ಲೋಸ್ ಮಾಡೋನು ನಾನು, ಶನಿವಾರ ರಾತ್ರಿ ಬಂದು ಇನ್ನೊಂದು ಟಿಕೆಟ್ ಪಟ್ಟಿ ಕ್ಲೋಸ್ ಮಾಡ್ಬೇಕಾ ಹೇಳಿ.

ಅದೂ ಅಲ್ದೆ ರಿಲೀಸ್ ದಿನ ಆಟ ಅರ್ಧ ಬೆಂದಿತ್ತು. ಇಂಟರ್‌ಫೇಸು ಎಷ್ಟು ಸಪ್ಪೆ ಅಂದ್ರೆ ಯಾವ ಕಟ್ಟಡ ಎಲ್ಲಿದೆ ಗೊತ್ತಾಗಲ್ಲ, ಊರಿನ ಹೆಸರು ಬದಲಾಯಿಸೋಕೆ ಆಗ್ತಿರಲಿಲ್ಲ, ದೊಡ್ಡ ಮ್ಯಾಪ್ ಇಲ್ಲ, ಗೆದ್ದ ಮೇಲೆ ಮುಂದುವರಿಸೋಣ ಅಂದ್ರೆ ಒನ್ ಮೋರ್ ಟರ್ನ್ ಬಟನ್ನೇ ಇಲ್ಲ, ಈ ಸರಣಿಯ ಹೆಸರೇ ನಿಂತಿರೋದು ಆ ಬಟನ್ ಮೇಲೆ! ಬ್ರಿಟನ್, ನೇಪಾಳ ಅನ್ನೋ ನಾಗರಿಕತೆಗಳು ಮುಂದಿನ ತಿಂಗಳೇ ಬೇರೆ ದುಡ್ಡಿಗೆ ಬಂದ್ವು. ಗೇಮ್ ಮಾರೋ ಆನ್‌ಲೈನ್ ಅಂಗಡಿ ಸ್ಟೀಮಲ್ಲಿ ರಿವ್ಯೂ ಮಿಕ್ಸೆಡ್ ಅಂತ ನಿಂತಿದ್ದು ಸುಮ್ನೆ ಅಲ್ಲ. ಇವುಗಳಲ್ಲಿ ಬಹಳಷ್ಟು ಆಮೇಲೆ ಪ್ಯಾಚಲ್ಲಿ, ಅಂದ್ರೆ ಅಪ್‌ಡೇಟಲ್ಲಿ, ಸರಿ ಮಾಡಿದ್ರು, ಹೆಸರಿಡೋದು ಬಂತು, ದೊಡ್ಡ ಮ್ಯಾಪ್ ಬಂತು, ಬಟನ್ ಬಂತು, ಯುಗ ಬದಲಾದ್ರೂ ಪಡೆಗಳು ನಿಂತಲ್ಲೇ ನಿಂತಿರೋ ಹಾಗೆ ಒಂದು ಸೆಟ್ಟಿಂಗೂ ಬಂತು. 2025ರ ಕೊನೇಲಿ, ಒಂದೇ ನಾಗರಿಕತೆ ಇಟ್ಕೊಂಡು ಮೂರೂ ಯುಗ ಆಡೋ ದಾರಿನೂ ಪರೀಕ್ಷೆ ಮಾಡ್ತೀವಿ ಅಂತ ಹೇಳಿದ್ರು. ಅಂದ್ರೆ ಜನ ಬೈದಿದ್ದು ಅವರಿಗೂ ಮುಟ್ಟಿದೆ.

ಒಳ್ಳೇದು ಇಲ್ಲವೇ ಇಲ್ಲ ಅಂದ್ರೆ ಪಾಪ ಬರುತ್ತೆ. ಆರ್ಮಿ ಕಮಾಂಡರ್ ಅಂತ ಮಾಡಿದಾರಲ್ಲ, ನಾಲ್ಕೈದು ಪಡೆನ ಒಬ್ಬನ ಕೈಕೆಳಗೆ ತುಂಬ್ಕೊಂಡು ಒಟ್ಟಿಗೆ ನಡೆಸಿ ಯುದ್ಧದ ಜಾಗದಲ್ಲಿ ಇಳಿಸೋದು, ಅದು ನಿಜವಾಗ್ಲೂ ಚೆನ್ನಾಗಿದೆ, ಸಿವ್ 6ರಲ್ಲಿ ಒಂದೊಂದೇ ಪಡೆನ ಸಂದಿಗೊಂದಿಯಲ್ಲಿ ತಳ್ಳಿ ತಳ್ಳಿ ಕೈ ನೋವು ಬರ್ತಿತ್ತು. ದೊಡ್ಡ ಹೊಳೆಗಳಲ್ಲಿ ಹಡಗು ಓಡ್ಸಬಹುದು. ನೋಡೋಕಂತೂ ಕಣ್ಣಿಗೆ ಹಬ್ಬ, ಸಾಂಚಿ ಸ್ತೂಪ ಕಟ್ಟಿ ಮುಗಿದಾಗ ಜೂಮ್ ಮಾಡಿ ಹೆಂಡತಿನೂ ಕರೆದು ತೋರಿಸ್ದೆ, ಅವಳು ನೋಡಿ, ಚೆನ್ನಾಗಿದೆ ರೀ, ಸಿಲಿಂಡರ್ ಬುಕ್ ಮಾಡಿದ್ರಾ ಅಂದ್ಲು.

ಹಾಂ, ಸಮಾಚಾರ. ನಾನು ಕಾಣ್ದೆ ಇದ್ದಿದ್ದಕ್ಕೆ ಗೇಮ್ ಒಂದೇ ಕಾರಣ ಅಲ್ಲ, ಆಡೋದೇ ಕಮ್ಮಿ ಆಯ್ತು ಅದಕ್ಕೆ ಬರೆಯೋಕೂ ಏನೂ ಇರಲಿಲ್ಲ, ಅದ್ರ ಜೊತೆಗೆ ಮಗಳು 2025ರಲ್ಲಿ ಒಂದನೇ ಕ್ಲಾಸು ಸೇರಿದ್ಲು. ಅದೂ ಸುಲಭಕ್ಕೆ ಆಗ್ಲಿಲ್ಲ, ಆರು ವರ್ಷ ತುಂಬಿರಲೇಬೇಕು ಅನ್ನೋ ರೂಲು ಇತ್ತಲ್ಲ, ಅವಳಿಗೆ ಐದೂವರೆ ಆಗಿ ಸ್ವಲ್ಪ ದಿನ ಅಷ್ಟೇ, ಯುಕೆಜಿನೇ ಇನ್ನೊಂದು ವರ್ಷ ಓದಿಸ್ಬೇಕಾ ಅಂತ ಮನೇಲಿ ದಿನಾ ಚರ್ಚೆ, ಕೊನೆಗೆ ಏಪ್ರಿಲ್‌ನಲ್ಲಿ ಸರ್ಕಾರ ಆ ವರ್ಷಕ್ಕೆ ಮಾತ್ರ ಐದು ವರ್ಷ ಐದು ತಿಂಗಳು ಸಾಕು ಅಂತು, ಬಚಾವ್. ಈಗ ಸಾಯಂಕಾಲ ಆದ್ರೆ ಕಾಗುಣಿತ. ಲ್ಯಾಪ್‌ಟಾಪ್ ಇರೋ ಟೇಬಲ್ಲೇ ಅವಳ ಹೋಂವರ್ಕ್ ಟೇಬಲ್ಲು.

ಆಮೇಲೆ ಮೆಟ್ರೋ. ನಾವಿರೋದು ರಾಗಿಗುಡ್ಡದ ಹತ್ರ, ಆಫೀಸು ಎಲೆಕ್ಟ್ರಾನಿಕ್ ಸಿಟಿ, ಮಧ್ಯದಲ್ಲಿ ಸಿಲ್ಕ್ ಬೋರ್ಡು, ಬೆಂಗಳೂರಿನವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. 2025ರ ಆಗಸ್ಟಲ್ಲಿ ಹಳದಿ ಲೈನ್ ಶುರು ಆಯ್ತು. ಮೊದಮೊದಲು ಇದ್ದಿದ್ದು ಮೂರೇ ರೈಲು, 25 ನಿಮಿಷಕ್ಕೊಂದು, ಒಂದು ತಪ್ಪಿದ್ರೆ ಪ್ಲಾಟ್‌ಫಾರ್ಮಲ್ಲಿ ಜಾತ್ರೆ, ಆದ್ರೂ ಬೈಕಲ್ಲಿ ಹೊಗೆ ಕುಡ್ಕೊಂಡು ನಿಲ್ಲೋದಕ್ಕಿಂತ ಸಾವಿರ ಪಾಲು ವಾಸಿ. ಬೈಕು ಈಗ ಕೆಳಗೆ ಧೂಳು ಹಿಡ್ಕೊಂಡು ನಿಂತಿದೆ, ಮಾರೋಣ ಅಂದ್ರೆ ಮನಸ್ಸಿಲ್ಲ.

ದೊಡ್ಡ ಸುದ್ದಿ ಅಂದ್ರೆ ಊರಿಂದು. ನಮ್ಮದು ತಿಪಟೂರು ಕಡೆ, ಅಪ್ಪಂದು ತೆಂಗಿನ ತೋಟ. ಉಂಡೆ ಕೊಬ್ಬರಿ ಗೊತ್ತಲ್ಲ, ಕಾಯಿ ಕಿತ್ತು ಅಟ್ಟಕ್ಕೆ ಹಾಕಿದ್ರೆ ಹತ್ತು ಹನ್ನೊಂದು ತಿಂಗಳು ಅಲ್ಲೇ ಬಿಡ್ಬೇಕು, ಒಳಗಿನ ನೀರು ತಾನಾಗೇ ಇಂಗಿ ಕೊಬ್ಬರಿ ಚಿಪ್ಪಿಂದ ಬಿಟ್ಕೊಳೋ ತನಕ. ಅಪ್ಪ ಅಟ್ಟ ಹತ್ತಿ ಒಂದೊಂದು ಕಾಯಿ ಕಿವಿ ಹತ್ರ ಹಿಡಿದು ಅಲ್ಲಾಡಿಸ್ತಾರೆ, ಒಳಗೆ ಉಂಡೆ ಲೊಟಲೊಟ ಅಂದ್ರೆ ಕೆಳಗೆ ಎಸೀತಾರೆ, ಗುಳುಗುಳು ಅಂದ್ರೆ ವಾಪಸ್ ಇಡ್ತಾರೆ. ಕೇಂದ್ರದ ಬೆಂಬಲ ಬೆಲೆ 2025ಕ್ಕೆ ಕ್ವಿಂಟಲ್‌ಗೆ 12,100 ಇದ್ದಿದ್ದು, ಮಾರ್ಕೆಟಲ್ಲಿ ಅದರ ಎರಡು ಪಟ್ಟು ದಾಟಿ ಮೇಲೆ ಹೋಯ್ತು ನೋಡಿ, ಜೂನ್ ಹೊತ್ತಿಗೆ ತಿಪಟೂರಲ್ಲಿ ಯಾರ ಬಾಯಲ್ಲಿ ಕೇಳಿದ್ರೂ ಇದೇ ಮಾತು. ಫಸಲೇ ಇಲ್ಲ, ಬಿಳಿ ನೊಣದ ಕಾಟ, ಅರ್ಧ ಜನ ಎಳನೀರಿಗೇ ಕೀಳಿಸಿಬಿಟ್ಟಿದಾರೆ, ಅದಕ್ಕೇ ರೇಟು. ಅಪ್ಪ ಅಟ್ಟದಲ್ಲಿದ್ದ ಮಾಲಲ್ಲಿ ಅರ್ಧ ಯುಗಾದಿ ಹಬ್ಬದ ಖರ್ಚಿಗೆ ಅಂತ ಮುಂಚೆನೇ ಕೊಟ್ಟಾಗಿತ್ತು. ಉಳಿದ ಅರ್ಧಕ್ಕೆ ರೇಟ್ ಸಿಕ್ತು. ಫೋನ್ ಮಾಡಿ, ಕೊಟ್ಟಿದ್ದರ ಬಗ್ಗೆ ಒಂದು ಮಾತಿಲ್ಲ, ಬಂದಿದ್ದರಲ್ಲಿ ಬೋರ್‌ವೆಲ್ ಮೋಟರ್ ಬದಲಾಯಿಸ್ದೆ ಕಣಪ್ಪ, ಅಟ್ಟದ ಮೇಲೆ ಇನ್ನೊಂದಷ್ಟು ಹಸಿ ಕಾಯಿ ಐತೆ, ಮುಂದಿನ ವರ್ಷ ನೋಡಾಣ ಅಂದ್ರು. ಅಮ್ಮ ಹಿಂದಿನಿಂದ, ಬಳೆ ಮಾಡಿಸ್ತೀನಿ ಅಂದಿದ್ದು ಹೇಳಿ ಅವನಿಗೆ ಅಂತ ಕೂಗ್ತಿದ್ರು.

ಇಷ್ಟೇ ರೀ ನಮ್ಮ ಸುದ್ದಿ. ಮನೆ ಓನರ್ ಬಾಡಿಗೆ ಏರಿಸಿದ್ದು, ನನಗೆ ಹಲ್ಲಿಗೆ ರೂಟ್ ಕೆನಾಲ್ ಆಗಿದ್ದು ಇವೆಲ್ಲ ಎಲ್ಲರ ಮನೇಲೂ ಇರೋದೇ.

ಈಗ ನಿಮ್ಮ ದುಡ್ಡಿನ ವಿಷಯ. ಡಿಸ್ಕೌಂಟ್ ಅಂತ ತಗೊಂಡು ಆಡಿ ನೋಡಿ ಬೇಡ ಅಂದ್ರೆ ರಿಫಂಡ್ ಮಾಡೋಣ ಅನ್ನೋ ಲೆಕ್ಕ ಇದ್ರೆ ಒಂದು ಎಚ್ಚರಿಕೆ. ಸ್ಟೀಮಲ್ಲಿ ರಿಫಂಡ್ ಕೇಳೋಕೆ ತಗೊಂಡು 14 ದಿನದೊಳಗಿರಬೇಕು, ಆಡಿದ್ದು ಎರಡು ಗಂಟೆ ಮೀರಿರಬಾರದು. ಈ ಆಟದಲ್ಲಿ ಎರಡು ಗಂಟೆಗೆ ನೀವು ಇನ್ನೂ ಮೊದಲನೇ ಯುಗದ ಮಧ್ಯದಲ್ಲಿರ್ತೀರ, ಎಲ್ಲಾ ಚೆನ್ನಾಗೇ ಕಾಣುತ್ತೆ, ಅದೇ ಅದರ ಒಳ್ಳೇ ಭಾಗ ಬೇರೆ. ಬೇಜಾರಾಗೋದು ಯುಗ ಬದಲಾದಾಗ, ಅಷ್ಟೊತ್ತಿಗೆ ರಿಫಂಡ್ ಬಾಗಿಲು ಹಾಕಿರುತ್ತೆ. ನಿಮಗೆ ಸಿವ್ 6ರಲ್ಲಿ ಮೊದಲ ನೂರು ಟರ್ನ್ ಮಾತ್ರ ಇಷ್ಟ, ಆಮೇಲೆ ಬೋರ್ ಆಗಿ ಹೊಸ ಆಟ ಶುರು ಮಾಡ್ತೀನಿ ಅನ್ನೋ ಪೈಕಿ ಆಗಿದ್ರೆ ತಗೊಳ್ಳಿ, ನಿಮ್ಮಂಥವರಿಗಾಗೇ ಮಾಡಿದಾರೆ ಇದನ್ನ, ಸುಳ್ಳು ಹೇಳ್ತಿಲ್ಲ, ನನ್ನ ಕಲೀಗ್ ಒಬ್ರು ಹಾಗೇ, ಅವರಿಗೆ 7 ಪ್ರಾಣ. ನನ್ನ ಥರದವರಾದ್ರೆ, ಆ ಒಂದೇ ನಾಗರಿಕತೆ ಇಟ್ಕೊಂಡು ಆಡೋದನ್ನ ಸರಿಯಾಗಿ ತರೋವರೆಗೂ ಕಾಯಿರಿ.

ಅಲ್ಲೀವರೆಗೆ ಓಲ್ಡ್ ವರ್ಲ್ಡ್ ಅನ್ನೋ ಇದೇ ಥರದ ಆಟ ನೋಡಿ. ಸಿವ್ 4 ಡಿಸೈನ್ ಮಾಡಿದ ಸೋರೆನ್ ಜಾನ್ಸನ್ ಅವರದ್ದೇ. ಪ್ರಾಚೀನ ಕಾಲ ಅಷ್ಟೇ, ಒಂದು ಟರ್ನ್ ಅಂದ್ರೆ ಒಂದು ವರ್ಷ, ರಾಜ ಮುದುಕ ಆಗ್ತಾನೆ, ಸಾಯ್ತಾನೆ, ಮಗ ಪಟ್ಟಕ್ಕೆ ಬರ್ತಾನೆ, ಮಗ ದಡ್ಡ ಆದ್ರೆ ನಿಮ್ಮ ಕರ್ಮ. ಒಂದು ಟರ್ನಿಗೆ ಇಷ್ಟೇ ಆಜ್ಞೆ ಅಂತ ಲೆಕ್ಕ ಇರೋದ್ರಿಂದ ಎಲ್ಲಾ ಪಡೆನೂ ಸುಮ್ನೆ ನೂಕೋಕೆ ಆಗಲ್ಲ, ಯೋಚನೆ ಮಾಡ್ಬೇಕು. ನಾನು ಈಗ ಅದನ್ನೇ ಆಡ್ತಿರೋದು, ಮಗಳ ಕಾಗುಣಿತ ಮುಗಿದು ಅವಳು ಮಲಗಿದ ಮೇಲೆ, ವಾರಕ್ಕೊಂದು ರಾತ್ರಿ. ನಿಮ್ಮ ಲ್ಯಾಪ್‌ಟಾಪ್ ಯಾವುದು, ರ‍್ಯಾಮ್ ಎಷ್ಟಿದೆ ಅಂತ ಹೇಳಿದ್ರೆ ಯಾವ ಸೆಟ್ಟಿಂಗಲ್ಲಿ ಓಡುತ್ತೆ ಅಂತ ಹೇಳ್ತೀನಿ, ನಂದು ಹಳೇದು, ಫ್ಯಾನು ಮಿಕ್ಸಿ ಥರ ಸದ್ದು ಮಾಡುತ್ತೆ, ಆದ್ರೂ ಲೋ ಸೆಟ್ಟಿಂಗಲ್ಲಿ ಆರಾಮಾಗಿ ಎಳೀತಿದೆ.